ಜ್ವರ ಮುಚ್ಚಿಟ್ಟು ಮಗು ಕಳಿಸೋದು ನಮ್ಮ ಡೇ ಕೇರಲ್ಲಿ ಹೇಗೆ ನಿಂತಿತು – ನನ್ನ ಅನುಭವ

ಮೈಸೂರಿನ ಹೆಬ್ಬಾಳದ ಕಡೆ ಎಂಟೊಂಬತ್ತು ವರ್ಷದಿಂದ ಡೇ ಕೇರ್ ನಡೆಸ್ತಿದೀನಿ. ಆರು ತಿಂಗಳ ಕೂಸಿಂದ ಹಿಡಿದು ನಾಲ್ಕು ವರ್ಷದವರೆಗೆ ಮೂವತ್ತರ ಆಸುಪಾಸು ಮಕ್ಕಳು, ಆಯಾಗಳು ಆರು ಜನ, ಅಡುಗೆಗೆ ಒಬ್ರು. ಕೈ ತೊಳೆಸೋದು, ಡೈಪರ್ ಸುತ್ತಿ ಮುಚ್ಚಳದ ಡಬ್ಬಿಗೆ ಹಾಕೋದು, ಆಟದ ಸಾಮಾನು ಒರೆಸೋದು ಇದೆಲ್ಲ ಈ ಕೆಲಸದಲ್ಲಿರೋರಿಗೆ ಗೊತ್ತೇ ಇದೆ, ಅದನ್ನ ಮತ್ತೆ ಬರೆಯಲ್ಲ. ಹುಷಾರಿಲ್ಲದ ದಿನದ ಫೀಸು ವಾಪಸ್ ಕೊಡ್ತೀನಿ ಅಂತ ನಾನು ಹೊರಟಾಗ ಇದೇ ಊರಲ್ಲಿ ಡೇ ಕೇರ್ ನಡೆಸೋ ಗೆಳತಿಯರು "ಮೂರು ತಿಂಗಳಲ್ಲಿ ಬಾಗಿಲು ಹಾಕ್ತೀಯ ಕಣೇ" ಅಂದಿದ್ರು. ಆಮೇಲೆ ಎರಡು ಮಳೆಗಾಲ ಕಳೀತು, ಈಗ ಅವರೇ ಫೋನ್ ಮಾಡಿ ಲೆಕ್ಕ ಕೇಳ್ತಿದಾರೆ, ಅದಕ್ಕೆ ಬರೀತಿದೀನಿ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯ್ತು ಅಂತ ಹೇಳ್ತೀನಿ. ಕೋವಿಡ್ ಆದ್ಮೇಲೆ ಎಲ್ಲರ ಹಾಗೆ ನಾನೂ ಬಾಗಿಲು ಬಾಗಿಲಿಗೂ ಸ್ಯಾನಿಟೈಸರ್ ಹಾಕಿಸ್ದೆ, ತಿಂಗಳಿಗೆ ಎರಡು ಸಾವಿರದ ಹತ್ತಿರ ಅದಕ್ಕೇ ಹೋಗ್ತಿತ್ತು. ಆಟದ ಸಾಮಾನಿಗೆ ಅಂತ ಏಳೆಂಟು ಸಾವಿರ ಕೊಟ್ಟು ಯುವಿ ಲೈಟಿನ ಡಬ್ಬಿ ತಂದೆ, ಅದರ ಬೆಳಕು ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತೆ, ಬ್ಲಾಕ್‌ಗಳ ಸಂದೀಲಿ ಒಣಗಿದ ಜೊಲ್ಲು ಹಾಗೇ ಇರುತ್ತೆ. ಅಷ್ಟರಲ್ಲಿ ಜುಲೈ ತಿಂಗಳ ಮಳೇಲಿ ಹ್ಯಾಂಡ್ ಫೂಟ್ ಮೌತ್ ಅನ್ನೋ ಅಂಟು ಕಾಯಿಲೆ ಬಂತು, ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬರ ಹಿಂದೆ ಒಬ್ಬರಿಗೆ ಅಂಗೈ ಅಂಗಾಲಲ್ಲಿ ಗುಳ್ಳೆ, ಬಾಯೊಳಗೆ ಹುಣ್ಣು, ಗಂಜಿ ಕೂಡ ನುಂಗಕ್ಕಾಗ್ದೆ ಅಳೋವು. 2022ರಲ್ಲಿ ಕೇರಳದ ಕೊಲ್ಲಂ ಕಡೆಯಿಂದ ಮಕ್ಕಳಿಗೆ ಇದೇ ಥರ ಗುಳ್ಳೆ ಏಳೋ ಟೊಮ್ಯಾಟೊ ಫ್ಲೂ ಅಂತ ಸುದ್ದಿ ಬಂದಿತ್ತಲ್ಲ, ಅದನ್ನ ನೆನೆಸ್ಕೊಂಡು ಅರ್ಧ ಜನ ಪೇರೆಂಟ್ಸ್ ಮಗು ಕಳಿಸೋದೇ ನಿಲ್ಲಿಸಿದ್ರು. ಮಕ್ಕಳ ಡಾಕ್ಟ್ರು ಒಂದೇ ಮಾತು ಹೇಳಿದ್ದು: ಈ ವೈರಸ್ಸಿಗೆ ಮೇಲೆ ಕೊಬ್ಬಿನ ಪದರ ಇಲ್ಲ, ಸ್ಯಾನಿಟೈಸರಿಗೆ ಸರಿಯಾಗಿ ಬಗ್ಗಲ್ಲ, ಸೋಪು ಹಚ್ಚಿ ಹರಿಯೋ ನೀರಲ್ಲಿ ಉಜ್ಜಬೇಕು, ಸಾಮಾನಿಗೆ ಬ್ಲೀಚೇ ಬೇಕು, ಗುಳ್ಳೆ ಒಣಗಿದ ಮೇಲೂ ವಾರಗಟ್ಟಲೆ ಕಕ್ಕಸಲ್ಲಿ ಹೋಗ್ತಾ ಇರುತ್ತೆ.

ಸರಿ, ಸ್ಯಾನಿಟೈಸರ್ ದುಡ್ಡು ನಿಲ್ಲಿಸಿ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದ್ರೆ ನೀರಿನ ಹಾಗಿರೋ ಬ್ಲೀಚ್) ಕ್ಯಾನ್ ತಂದೆ. ಐದು ಪರ್ಸೆಂಟ್ ಇರೋದಾದ್ರೆ ಲೀಟರ್ ನೀರಿಗೆ ಇಪ್ಪತ್ತು ಎಂಎಲ್, ದಿನಾ ಬೆಳಗ್ಗೆ ಹೊಸದಾಗಿ ಕಲಸೋದು, ನಿನ್ನೇದು ಚೆಲ್ಲೋದು. ಮೊದಲು ಸೋಪ್ ನೀರಲ್ಲಿ ಕೊಳೆ ತೆಗೆದಿರಬೇಕು, ಕೊಳೆ ಮೇಲೆ ಬ್ಲೀಚ್ ಹಾಕಿದ್ರೆ ಬ್ಲೀಚೇ ಸತ್ತು ಹೋಗುತ್ತೆ. ಹಾಕಿ ಹತ್ತು ನಿಮಿಷ ಒದ್ದೆಯಾಗೇ ಇರಬೇಕು. ನಮ್ಮ ಆಯಾಗಳು ಹಾಕಿದ ತಕ್ಷಣ ಒಣ ಬಟ್ಟೇಲಿ ಒರೆಸಿಬಿಡ್ತಿದ್ರು, ನೆಲ ಬೇಗ ಒಣಗಲಿ ಮಕ್ಕಳು ಜಾರ್ತಾವೆ ಅಂತ. ಅವರ ಭಯ ಸರೀನೇ, ಅದಕ್ಕೆ ಮಕ್ಕಳು ಮಲಗಿರೋ ಟೈಮಿಗೆ ಆ ಕೆಲಸ ಹಾಕ್ಕೊಂಡ್ವಿ, ಅಡುಗೆಮನೆ ಟೈಮರ್ ಇಟ್ಟು. ಬಾಯಿಗೆ ಹೋಗೋ ಆಟದ ಸಾಮಾನಾದ್ರೆ ಆಮೇಲೆ ಬರೀ ನೀರಲ್ಲಿ ತೊಳೀಬೇಕು. ಬಾತ್‌ರೂಮ್ ಆ್ಯಸಿಡ್ ಹತ್ರ ಮಾತ್ರ ಈ ಕ್ಯಾನ್ ಇಡಲೇಬೇಡಿ, ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ.

ಕೈ ತೊಳೆಯೋದರಲ್ಲಿ ಒಂದು ಪ್ರಯೋಗ ಮಾಡಿದ್ದೆ, ಇದು ನನಗೆ ತುಂಬ ಹೆಮ್ಮೆ. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಆಯಾಗಳ ಕೈಗೆಲ್ಲ ಹಚ್ಚಿ, ಕಣ್ಣು ಮುಚ್ಕೊಂಡು ದಿನಾ ತೊಳೆಯೋ ಹಾಗೇ ತೊಳೀರಿ ಅಂದೆ. ಅಂಗೈ ಎಲ್ಲರದೂ ಚೊಕ್ಕ. ಹೆಬ್ಬೆರಳಿನ ಬುಡ, ಉಗುರಿನ ಸುತ್ತ, ಉಂಗುರದ ಅಡಿ, ಬಳೆ ಕೂರೋ ಜಾಗ ಎಲ್ಲ ಹಳದಿ ಹಾಗೇ ಇತ್ತು. ನೋಡಿ ಅವರಿಗೇ ಗಾಬರಿಯಾಯ್ತು. ಮಾರನೇ ದಿನದಿಂದ ಉಂಗುರ ತಾವಾಗೇ ಬಿಚ್ಚಿಟ್ರು, ಗಾಜಿನ ಬಳೆ ತೆಗೀರಿ ಅಂತ ನಾನು ಯಾರಿಗೂ ಹೇಳಲ್ಲ, ಮೊಣಕೈ ಕಡೆ ಸರಿಸಿ ರಬ್ಬರ್ ಬ್ಯಾಂಡ್ ಹಾಕ್ಕೋತಾರೆ. ಲಿಕ್ವಿಡ್ ಸೋಪಿಗೆ ನೀರು ಬೆರೆಸಿ ಬೆರೆಸಿ ಕೊನೆಗೆ ನೊರೇನೇ ಬರ್ತಿರಲಿಲ್ಲ, ಈಗ ಹತ್ತು ರೂಪಾಯಿ ಸೋಪನ್ನ ಬೆಳ್ಳುಳ್ಳಿ ಬರೋ ಬಲೆ ಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿದೀವಿ, ಚೀಲದ ಸಮೇತ ಉಜ್ಜಿದ್ರೆ ಸಾಕು. ಬಕೆಟ್ಟು ಮಗ್ಗು ತೆಗೆದು ಮಕ್ಕಳ ಎತ್ತರಕ್ಕೆ ಸ್ಟೂಲ್ ಮೇಲೆ ನಲ್ಲಿ ಇರೋ ಕ್ಯಾನ್ ಇಟ್ವಿ. ಟವೆಲ್ ಬದಲು ಹಳೇ ಪಂಚೆ ಹರಿದ ತುಂಡುಗಳು, ಒಂದು ಸಲ ಒರೆಸಿದ್ರೆ ಕುದಿಯೋ ಪಾತ್ರೆಗೆ. ಎರಡು ವರ್ಷದ ಮಕ್ಕಳು ಹಟ ಮಾಡ್ದೆ ಇಪ್ಪತ್ತು ಸೆಕೆಂಡ್ ಉಜ್ಜೋದಕ್ಕೆ ನಮ್ಮದೇ ಒಂದು ಹಾಡಿದೆ, ಅದು ನಮ್ಮ ಮನೆ ಗುಟ್ಟು.

ಮಧ್ಯೆ ಯಾರೋ ಹಿರಿಯರು ಹೇಳಿದ್ರು ಅಂತ ಸಾಯಂಕಾಲ ಸಾಂಬ್ರಾಣಿ ಹೊಗೆನೂ ಹಾಕಿ ನೋಡಿದೆ. ಕೆಮ್ಮು ಇರೋ ಮಕ್ಕಳಿಗೆ ಇನ್ನೂ ಜಾಸ್ತಿ ಆಯ್ತು, ವಾರದಲ್ಲೇ ಬಿಟ್ಟೆ. ಎರಡೂ ಕಡೆ ಕಿಟಕಿಗೆ ಸೊಳ್ಳೆ ಮೆಶ್ ಹಾಕಿಸಿ ದಿನವಿಡೀ ತೆಗೆದಿಡೋದೇ ಅದಕ್ಕಿಂತ ಮೇಲು.

ಇಷ್ಟು ಮಾಡಿದ್ರೂ ಕಾಯಿಲೆ ಒಳಗೆ ಬರೋದು ನಿಲ್ಲಲಿಲ್ಲ, ಯಾಕಂದ್ರೆ ಅದು ಎಂಟೂವರೆಗೆ ಅಮ್ಮನ ಸೊಂಟದ ಮೇಲೆ ಕೂತು ಬರ್ತಿತ್ತು. ಬೆಳಗ್ಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ಕಳಿಸೋದು ನಿಮಗೂ ಗೊತ್ತಿರೋದೇ. ಬಾಗಿಲಲ್ಲಿ ಥರ್ಮಾಮೀಟರ್ ಇಟ್ರೆ 98, ಮಗು ನಗ್ತಾ ಒಳಗೆ ಹೋಗುತ್ತೆ, ಹನ್ನೆರಡರ ಹೊತ್ತಿಗೆ ಔಷಧಿ ಇಳಿದು ಮೈ ಕೆಂಡ. ಅಷ್ಟರಲ್ಲಿ ಅದು ಎಲ್ಲರ ಬಾಟಲಿ ಮುಟ್ಟಿರುತ್ತೆ, ಎಲ್ಲರ ಜೊತೆ ಉರುಳಾಡಿರುತ್ತೆ. ನಾನು ರೂಲ್ಸ್ ಬಿಗಿ ಮಾಡಿದೆ: 100.4 ದಾಟಿದ್ರೆ ಮನೆಗೆ, ಔಷಧಿ ಇಲ್ದೆ 24 ಗಂಟೆ ಜ್ವರ ಬರದೇ ಇದ್ರೆ ಮಾತ್ರ ವಾಪಸ್, ಡಾಕ್ಟರ್ ಸರ್ಟಿಫಿಕೇಟ್ ಬೇಕು. ಮುಚ್ಚಿಡೋದು ಇನ್ನೂ ಜಾಸ್ತಿ ಆಯ್ತು. ಫ್ಯಾಕ್ಟರಿಗೆ ಹೋಗೋ ಒಬ್ಬ ತಾಯಿ ನನ್ನ ಮುಂದೆ ಕೂತು ಹೇಳಿದ್ರು, "ಮೇಡಮ್, ಇನ್ನೊಂದು ರಜೆ ಹಾಕಿದ್ರೆ ಈ ತಿಂಗಳ ಅಟೆಂಡೆನ್ಸ್ ದುಡ್ಡು ಹೋಗುತ್ತೆ, ಇಲ್ಲಿ ಫೀಸೂ ಕಟ್ಟಬೇಕು, ನೀವೇ ಹೇಳಿ ಏನ್ ಮಾಡ್ಲಿ" ಅಂತ. ಅವರಿಗೆ ಬೈಯೋಕೆ ನನ್ನ ಹತ್ರ ಮಾತೇ ಇರಲಿಲ್ಲ.

ಆಗ ಮಾಡಿದ್ದು ಇದು. ಬೆಳಗ್ಗೆ ಏಳೂವರೆ ಒಳಗೆ ಫೋನ್ ಮಾಡಿ ಮಗುಗೆ ಹುಷಾರಿಲ್ಲ ಅಂದ್ರೆ ಆ ದಿನದ ಫೀಸು ಪೂರ್ತಿ ಮುಂದಿನ ತಿಂಗಳ ಬಿಲ್ಲಲ್ಲಿ ಕಳೀತೀನಿ, ನಮ್ಮಲ್ಲಿ ತಿಂಗಳಿಗೆ ಆರೂವರೆ ಸಾವಿರ, ದಿನಕ್ಕೆ ಇನ್ನೂರೈವತ್ತರ ಲೆಕ್ಕ. ರಜೆ ಸಿಗದೇ ಇರೋರ ಮನೆಗೆ ನಮ್ಮ ಆಯಾ ಒಬ್ಬರನ್ನ ಎಂಟರಿಂದ ಎರಡು ಗಂಟೆವರೆಗೆ ಕಳಿಸ್ತೀನಿ, ಮುನ್ನೂರೈವತ್ತು, ಅದು ಪೂರ್ತಿ ಆಯಾಗೇ. ಆವತ್ತು ಆ ಆಯಾ ಡೇ ಕೇರ್ ಬಾಗಿಲು ತುಳಿಯೋ ಹಾಗಿಲ್ಲ, ಮಾರನೇ ದಿನ ಸ್ನಾನ ಮಾಡಿ ಒಗೆದ ಬಟ್ಟೇಲಿ ಬಂದು ದೊಡ್ಡ ಮಕ್ಕಳ ಕಡೆ ಕೆಲಸ. ಅಮ್ಮ (ಚಿಕನ್‌ಪಾಕ್ಸ್) ಆಗಿರೋ ಮನೆಗೆ ಚಿಕ್ಕಂದಿನಲ್ಲಿ ಅಮ್ಮ ಆಗಿದ್ದವರನ್ನೇ ಕಳಿಸೋದು. ಈ ಚಿಕನ್‌ಪಾಕ್ಸ್ ವಿಷಯದಲ್ಲಿ ಮನೆಯವರು ಬಾಯೇ ಬಿಡಲ್ಲ, ಬೇವಿನ ಸೊಪ್ಪು ಕಟ್ಟಿ ಸುಮ್ಮನಿರ್ತಾರೆ. ನಿಮ್ಮ ಪೂಜೆ ಪದ್ಧತಿ ಎಲ್ಲ ಮಾಡ್ಕೊಳ್ಳಿ, ನನಗೊಂದು ಫೋನ್ ಮಾತ್ರ ಮಾಡಿ ಅಂತ ಕೇಳ್ಕೋತೀನಿ, ಯಾಕಂದ್ರೆ ಗುಳ್ಳೆ ಏಳೋಕೆ ಒಂದೆರಡು ದಿನ ಮುಂಚೆನೇ ಅದು ಹರಡಿರುತ್ತೆ, ಎರಡು ಮೂರು ವಾರದೊಳಗೆ ಇನ್ನೊಂದು ಗುಂಪಿಗೆ ಏಳುತ್ತೆ, ಅಷ್ಟೂ ದಿನ ನಾವು ಕಣ್ಣಿಟ್ಟಿರಬೇಕು.

ಆಯಾಗಳಿಗೂ ಇದೇ ನ್ಯಾಯ. ಸಂಬಳ ಕಟ್ ಆಗುತ್ತೆ ಅಂತ ಬೇಧಿ ಇದ್ರೂ ಬರ್ತಿದ್ರು. ಈಗ ಹುಷಾರಿಲ್ಲದ ರಜೆಗೆ ಸಂಬಳ ಇದೆ, ಅಡುಗೆಯವರಾದ್ರೆ ಬೇಧಿ ನಿಂತ ಮೇಲೂ ಎರಡು ದಿನ ಅಡುಗೆಮನೆಗೆ ಬರಂಗಿಲ್ಲ. ಡೈಪರ್ ಬದಲಿಸೋ ಕೈ ಆವತ್ತು ಊಟ ಬಡಿಸಲ್ಲ.

ಲೆಕ್ಕ ಕೇಳೋರಿಗೆ: ಮಳೆಗಾಲದ ತಿಂಗಳಲ್ಲಿ ಫೀಸು ವಾಪಸ್ಸೇ ಐದಾರು ಸಾವಿರ, ಆಯಾಗಳ ರಜೆ ಸೇರಿ ಒಂಬತ್ತು ಸಾವಿರದವರೆಗೆ ಹೋಗುತ್ತೆ. ಮೊದಲು ಪ್ರತಿ ಮಳೆಗಾಲಕ್ಕೂ ಮೂರು ನಾಲ್ಕು ಮಕ್ಕಳು ಪೂರ್ತಿ ಬಿಟ್ಟು ಹೋಗೋರು, ಅದೇ ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಸಾವಿರ ಖೋತಾ. ಕಳೆದ ಮಳೆಗಾಲದಲ್ಲಿ ಕಾಯಿಲೆ ಅಂತ ಒಂದು ಮಗುನೂ ಬಿಡಲಿಲ್ಲ, ಹ್ಯಾಂಡ್ ಫೂಟ್ ಮೌತ್ ಇಬ್ಬರು ಮಕ್ಕಳಿಗೆ ಬಂದು ಅಲ್ಲೇ ನಿಂತಿತು.

ಇಷ್ಟಾದ್ರೂ ಒಬ್ಬಿಬ್ಬರು ಮುಚ್ಚಿಡ್ತಾರೆ. ಅವರಿಗೆ ಬಾಗಿಲಲ್ಲಿ ಒಂದು ಪ್ರಶ್ನೆ ಕೇಳ್ತೀವಿ, ಸಿರಪ್ ಕುಡಿಸಿದಾರೋ ಇಲ್ವೋ ಅಂತ ಅದರಲ್ಲೇ ಗೊತ್ತಾಗಿಬಿಡುತ್ತೆ. ಆ ಪ್ರಶ್ನೆ ಏನು ಅಂತ ಇಲ್ಲಿ ಬರೆದ್ರೆ ನಮ್ಮ ಪೇರೆಂಟ್ಸೂ ಓದ್ತಾರೆ, ಬೇಕಾದೋರು ಬಂದು ಕೇಳಿ, ಹೇಳ್ತೀನಿ. ಬರೋ ಜೂನ್‌ಗೆ ಮುಂಚೆ ಆಯಾಗಳಿಗೆಲ್ಲ ಫ್ಲೂ ಇಂಜೆಕ್ಷನ್, ಅಡುಗೆಯವರಿಗೆ ಟೈಫಾಯ್ಡ್‌ದೂ ಸೇರಿಸಿ ಹಾಕಿಸ್ಬೇಕು ಅಂತಿದೀನಿ, ದುಡ್ಡು ನಾನೇ ಹಾಕ್ತೀನಿ.