ಮಕ್ಕಳ ಎಟಿವಿಗೆ ಹೊಸ ಟೈರ್ ಹುಡುಕುವುದು ಹೇಗೆ?

ಮಗಳ ಪುಟ್ಟ ಎಟಿವಿಯ (ಮಣ್ಣು-ಮೈದಾನದಲ್ಲಿ ಓಡಿಸುವ, ದಪ್ಪ ಟೈರ್‌ನ ನಾಲ್ಕು ಚಕ್ರದ ಗಾಡಿ) ಹಿಂದಿನ ಟೈರ್ ಸೀಳಿತ್ತು. ಅಳತೆ ನೋಡದೆ ಸೀದಾ ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. 'ಸೈಜ್ ಎಷ್ಟು ಸಾರ್?' ಅಂತ ಅಂಗಡಿಯವರು ಕೇಳಿದರು. ಗೊತ್ತಿರಲಿಲ್ಲ, ಬರಿಗೈಲಿ ವಾಪಸ್ ಬಂದೆ. ನಿಮಗೆ ಹಾಗಾಗುವುದು ಬೇಡ.

ಮೊದಲು ಟೈರಿನ ಪಕ್ಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಮ್ಮಣ್ಣು ಹೋದ ಮೇಲೆ ಉಬ್ಬಿದ ಅಂಕಿಗಳು ಕಾಣುತ್ತವೆ. 16×8-7 ಅಂತಿದ್ದರೆ ಟೈರಿನ ಒಟ್ಟು ಎತ್ತರ 16 ಇಂಚು, ಅಗಲ 8, ರಿಮ್ (ಟೈರ್ ಕೂರುವ ಲೋಹದ ಚಕ್ರ) ಅಡ್ಡಳತೆ 7. 145/70-6 ಅಂತಿದ್ದರೆ ಲೆಕ್ಕ ಬೇರೆ. ಅಗಲ 145 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇ 70, ರಿಮ್ 6 ಇಂಚು. ಕೊನೆಯ ಅಂಕಿಯಲ್ಲಿ ಮಾತ್ರ ರಾಜಿ ಬೇಡವೇ ಬೇಡ. ಅಂಗಡಿಯವರು ಸ್ಕೂಟರ್ ಟೈರ್ ಹಾಕೋಣ ಅಂದರೂ ಒಪ್ಪಬೇಡಿ. ಅದರ ರಿಮ್ ಹೆಚ್ಚಾಗಿ 10 ಅಥವಾ 12 ಇಂಚು, ಇದಕ್ಕೆ ಕೂರುವುದೇ ಇಲ್ಲ. ಮುಂದಿನದು, ಹಿಂದಿನದು ಬೇರೆ ಸೈಜ್ ಇರಬಹುದು, ಎರಡನ್ನೂ ಫೋಟೊ ತೆಗೆದುಕೊಳ್ಳಿ.

ಆಮೇಲೆ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ವಿಚಾರಿಸಿ. ಆದರೆ ಚಕ್ರವನ್ನೇ ಬಿಚ್ಚಿ ಒಯ್ಯಿರಿ. ಸಿಗದಿದ್ದರೆ ಆನ್‌ಲೈನ್. ಗಾಡಿಯ ಹೆಸರು ಹಾಕಿದರೆ ಸುಮ್ನೆ ಸುತ್ತಾಡಿಸುತ್ತದೆ, ಅಳತೆಯನ್ನೇ ಹಾಕಿ ಹುಡುಕಿ. ತಯಾರಾದ ದಿನದ ನಾಲ್ಕಂಕಿ ಇದ್ದರೆ ನೋಡಿ: 3522 ಅಂದರೆ 2022ರ 35ನೇ ವಾರ. ತುಂಬಾ ಹಳೆಯದು ಬೇಡ, ಇಟ್ಟಲ್ಲೇ ರಬ್ಬರ್ ಬಿರುಕು ಬಿಡುತ್ತದೆ.

ಹಿಂದಿನ ಟೈರ್ ಜೋಡಿಯಾಗಿಯೇ ಕೊಳ್ಳಿ. ಇಂಥ ಗಾಡಿಗಳಲ್ಲಿ ಎರಡು ಹಿಂದಿನ ಚಕ್ರಕ್ಕೂ ಹೆಚ್ಚಾಗಿ ಒಂದೇ ಆಕ್ಸಲ್ (ಎರಡನ್ನೂ ಸೇರಿಸುವ ದಂಡ), ಎರಡೂ ಒಟ್ಟಿಗೇ ತಿರುಗುತ್ತವೆ. ಒಂದು ಟೈರ್ ಸವೆದು ಇನ್ನೊಂದು ಹೊಸದಾದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಇನ್ನು ಗಾಳಿ. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಬೈಕಿನ ಲೆಕ್ಕದಲ್ಲೇ ಗಾಳಿ ತುಂಬಿದರು. ಟೈರ್ ಚೆಂಡಿನಂತೆ ಗಟ್ಟಿಯಾಯಿತು. ಸಣ್ಣ ಕಲ್ಲಿಗೂ ಗಾಡಿ ಪುಟಿಯುತ್ತಿತ್ತು, ಮಗಳ ಕೈಯಲ್ಲಿ ಹ್ಯಾಂಡಲ್ ನಿಲ್ಲುತ್ತಿರಲಿಲ್ಲ. ಎಟಿವಿ ಟೈರ್‌ಗೆ ಬೇಕಿರುವುದು ಸಾಮಾನ್ಯವಾಗಿ ಒಂದಂಕಿಯ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಷ್ಟೇ. ಎಷ್ಟು ಎಂಬುದನ್ನು ಟೈರ್ ಮೇಲೆ ಅಥವಾ ಗಾಡಿಯ ಪುಸ್ತಕದಲ್ಲಿ ನೋಡಿ. ಕಾರಿನ ಗೇಜ್ (ಗಾಳಿ ಅಳೆಯುವ ಮೀಟರ್) ಇಷ್ಟು ಕಡಿಮೆಯನ್ನು ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಪ್ರೆಶರ್‌ನ ಗೇಜನ್ನೇ ತಗೊಳ್ಳಿ.

ಕೆಲವು ರಿಮ್‌ಗಳು ಎರಡು ಭಾಗ, ನಡುವೆ ಬೋಲ್ಟ್. ಗಾಳಿ ಪೂರ್ತಿ ಬಿಡದೆ ಅವನ್ನು ಸಡಿಲಿಸಬೇಡಿ, ಸಿಡಿದು ಮುಖಕ್ಕೆ ಹೊಡೆಯಬಹುದು. ಟೈರ್ ಮೇಲೆ ಬಾಣವಿದ್ದರೆ ಅದು ಗಾಡಿ ಮುಂದಕ್ಕೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೇ ಇರಲಿ.

ಮೊದಲ ಸಲ ಸಮತಟ್ಟಾದ ಮೈದಾನದಲ್ಲಿ ಹತ್ತು ನಿಮಿಷ ನಿಧಾನ ಓಡಿಸಲಿ. ಬಂದ ಮೇಲೆ ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.