ಕನ್ನಡ ಪದದ ಮೇಲೊಂದು ಬಾಣ

ಹೈಸ್ಕೂಲ್ ಮಕ್ಕಳಿಗೆ ಗಣಿತ, ವಿಜ್ಞಾನದ ನೋಟ್ಸನ್ನು ನಾನು ಲೇಟೆಕ್‌ನಲ್ಲೇ (ಕಮಾಂಡ್ ಬರೆದು ಪುಟ ಜೋಡಿಸುವ ತಂತ್ರಾಂಶ) ಸಿದ್ಧ ಮಾಡುತ್ತೇನೆ. ಅದರಲ್ಲಿ ಬಾಣದ ಗುರುತು ಪದೇ ಪದೇ ಬೇಕಾಗುತ್ತದೆ. ಎ, ಬಿ ಎಂಬ ಎರಡು ಬಿಂದುಗಳ ಹೆಸರು ಸೇರಿಸಿ ಬರೆದ ‘ಎಬಿ’ ಮೇಲೆ ಬರೀ ಗೆರೆ ಇದ್ದರೆ ರೇಖಾಖಂಡ, ಒಂದು ತುದಿಗೆ ಬಾಣ ಇದ್ದರೆ ಕಿರಣ, ಎರಡೂ ತುದಿಗೆ ಇದ್ದರೆ ಸರಳರೇಖೆ. ಬಾಣ ಬಿಟ್ಟುಹೋದರೆ ಅರ್ಥವೇ ಬೇರೆ ಆಗುತ್ತದೆ, ಅಲ್ವಾ?

ಒಂದೇ ಅಕ್ಷರಕ್ಕಾದರೆ ‘ವೆಕ್’ ಕಮಾಂಡ್ ಸಾಕು. ಆದರೆ ಆ ಬಾಣ ಹಿಗ್ಗುವುದಿಲ್ಲ. ಎಬಿ ಮೇಲೆ ಹಾಕಿದರೆ ನಡುವೆ ಪುಟ್ಟದಾಗಿ ಕೂರುತ್ತದೆ. ಅಲ್ಲಿ ‘ಓವರ್‌ರೈಟ್‌ಆರೋ’ ಬಳಸಬೇಕು. ಪದ ಎಷ್ಟು ಉದ್ದವೋ ಬಾಣವೂ ಅಷ್ಟೇ ಉದ್ದ. ಕೆಳಗೆ ಬೇಕಾದರೆ ‘ಅಂಡರ್‌ರೈಟ್‌ಆರೋ’, ಎರಡೂ ತುದಿಗೆ ಬೇಕಾದರೆ ‘ಓವರ್‌ಲೆಫ್ಟ್‌ರೈಟ್‌ಆರೋ’. ಈ ಎರಡಕ್ಕೂ ಎಎಂಎಸ್‌ಮ್ಯಾತ್ ಅನ್ನುವ, ಗಣಿತಕ್ಕೆ ಹೆಚ್ಚಿನ ಕಮಾಂಡ್ ಕೊಡುವ ಪ್ಯಾಕೇಜ್ ಸೇರಿಸಿರಬೇಕು.

ಜಾಸ್ತಿ ಕೆಲಸ ಇರುವುದು ಕನ್ನಡ ಪದಗಳಲ್ಲಿ. ‘ಬಲ = ದ್ರವ್ಯರಾಶಿ × ವೇಗೋತ್ಕರ್ಷ’ ಅನ್ನುವ ಸೂತ್ರವನ್ನೇ ತಗೊಳ್ಳಿ. ಬಲಕ್ಕೆ, ವೇಗೋತ್ಕರ್ಷಕ್ಕೆ ದಿಕ್ಕಿದೆ, ದ್ರವ್ಯರಾಶಿಗೆ ಇಲ್ಲ. ಬಾಣ ಯಾವುದರ ಮೇಲಿದೆ, ಯಾವುದರ ಮೇಲಿಲ್ಲ ಅಂತ ನೋಡಿದರೆ ಸಾಕು, ಮಕ್ಕಳಿಗೆ ವಿಷಯ ಹೊಳೆಯುತ್ತದೆ. ಹಾಗಾಗಿ ಸೂತ್ರವನ್ನು ಕನ್ನಡದಲ್ಲೇ ಬರೆದು ಬಾಣ ಹಾಕುವುದು ನನಗಿಷ್ಟ.

ಇದಕ್ಕೆ ಕ್ಸೀಲೇಟೆಕ್ ಬಳಸುತ್ತೇನೆ, ಅದು ಯೂನಿಕೋಡ್ ಕನ್ನಡವನ್ನು ನೇರವಾಗಿ ಓದುವ ಲೇಟೆಕ್‌ನ ರೂಪ. ಫಾಂಟ್ ಆರಿಸುವ ಫಾಂಟ್‌ಸ್ಪೆಕ್ ಪ್ಯಾಕೇಜ್ ಮೂಲಕ ಕನ್ನಡ ಫಾಂಟ್ ಕೊಟ್ಟು, ಪದವನ್ನು ‘ಟೆಕ್ಸ್ಟ್’ ಕಮಾಂಡ್ ಒಳಗೆ ಇಡುತ್ತೇನೆ. ಅದನ್ನು ಬಾಣದ ಕಮಾಂಡ್ ಒಳಗೆ ಹಾಕಿದರೆ ಬಾಣ ಬರುತ್ತದೆ. ಆದರೆ ಬಾಣಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ‘ಬಲ’ ಗಿಡ್ಡ ಪದ. ‘ವೇಗೋತ್ಕರ್ಷ’ದಲ್ಲಿ ಏತ್ವ, ಓತ್ವ ಇರುವುದರಿಂದ ಅದರ ಬಾಣ ತುಸು ಮೇಲೆ ಹೋಗುತ್ತದೆ. ಕೆಳಗೆ ಬಾಣ ಹಾಕಿದರಂತೂ ಒತ್ತಕ್ಷರ ಇರುವ ಪದದ ಬಾಣ ಇನ್ನಷ್ಟು ಕೆಳಗಿಳಿಯುತ್ತದೆ. ಸಾಲಾಗಿ ನೋಡಿದಾಗ ಕಣ್ಣಿಗೆ ಹಿತವಿಲ್ಲ.

ಅದಕ್ಕೆ ಪ್ರತಿ ಪದದ ಜೊತೆ ‘ವಿಫ್ಯಾಂಟಮ್’ ಕಮಾಂಡಿನಲ್ಲಿ ‘ಶ್ರೀ’ ಅಂತ ಸೇರಿಸುತ್ತೇನೆ. ಅದು ಪುಟದಲ್ಲಿ ಕಾಣುವುದಿಲ್ಲ, ಅಗಲವನ್ನೂ ತಿನ್ನುವುದಿಲ್ಲ. ಆದರೆ ಅದರ ಎತ್ತರ, ಆಳ ಎರಡೂ ಲೆಕ್ಕಕ್ಕೆ ಬರುತ್ತವೆ. ‘ಶ್ರೀ’ಯಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಇವೆ. ಹಾಗಾಗಿ ಬಾಣಗಳೆಲ್ಲ ಹೆಚ್ಚುಕಮ್ಮಿ ಒಂದೇ ಸಾಲಿಗೆ ಬರುತ್ತವೆ. ಇನ್ನೂ ಎತ್ತರದ ಅಕ್ಷರ ಬಂದರೆ ಫ್ಯಾಂಟಮ್‌ಗೂ ಅದನ್ನೇ ಕೊಡಿ. ಪ್ರತಿ ಸಲ ಟೈಪ್ ಮಾಡುವುದು ಬೇಸರದ ಕೆಲಸ, ಅದಕ್ಕೇ ‘ನ್ಯೂಕಮಾಂಡ್’ನಿಂದ ನನ್ನದೇ ಒಂದು ಚಿಕ್ಕ ಕಮಾಂಡ್ ಮಾಡಿಟ್ಟುಕೊಂಡಿದ್ದೇನೆ.

ಪ್ಯಾರಾ ನಡುವೆ ಬಾಣ ಬಂದರೆ ಆ ಸಾಲು ಮಾತ್ರ ದೂರ ಸರಿಯಬಹುದು. ‘ಸ್ಮ್ಯಾಶ್’ ಹಾಕಿ ಎತ್ತರ ಮರೆಸಬಹುದು ಅನ್ನುವವರಿದ್ದಾರೆ. ಕನ್ನಡಕ್ಕೆ ಅದು ಬೇಡ ಅಂತ ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಮೇಲಿನ ಸಾಲಿನ ಒತ್ತಿಗೆ ಬಾಣ ತಾಗಬಹುದು. ಸಾಲುಗಳ ಅಂತರ ಹೆಚ್ಚಿಸುವ ‘ಲೈನ್‌ಸ್ಪ್ರೆಡ್’ 1.3ರಷ್ಟು ಇಟ್ಟು ಎಲ್ಲ ಸಾಲುಗಳಿಗೂ ಜಾಗ ಕೊಡುವುದೇ ಒಳ್ಳೆಯದು.