ಹಳೇ ಪೆಂಟಿಯಂಗೆ ಗ್ರಾಫಿಕ್ಸ್ ಕಾರ್ಡ್: ಕೊಳ್ಳುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ

ತುಮಕೂರಿನ ನಮ್ಮ ಮನೆಯ ಅಟ್ಟದಲ್ಲಿ ಚಿಕ್ಕಪ್ಪನ ಪೆಂಟಿಯಂ 4 ಕಂಪ್ಯೂಟರ್ ವರ್ಷಗಟ್ಟಲೆ ಧೂಳು ತಿನ್ನುತ್ತಾ ಕೂತಿತ್ತು. ಹೋದ ದಸರಾ ರಜೆಯಲ್ಲಿ ಕೆಳಗಿಳಿಸಿ ಸ್ವಿಚ್ ಒತ್ತಿದರೆ ಆನ್ ಆಯಿತು! ರೋಡ್ ರ‍್ಯಾಶ್ ಚೆನ್ನಾಗೇ ಓಡಿತು. ಜಿಟಿಎ ವೈಸ್ ಸಿಟಿ ಎಂಬ 3ಡಿ ಆಟ ಹಾಕಿದಾಗ ಮಾತ್ರ ಬೈಕು ನಿಂತು ನಿಂತು ಹೋಗುತ್ತಿತ್ತು. ಆಗಿನ ಎಷ್ಟೋ ಅಸೆಂಬಲ್ಡ್ ಕಂಪ್ಯೂಟರ್‌ಗಳಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡೇ, ಅಂದರೆ ಪರದೆಯ ಚಿತ್ರ ಮೂಡಿಸುವ ಪ್ರತ್ಯೇಕ ಕಾರ್ಡೇ, ಇರುತ್ತಿರಲಿಲ್ಲ. ಮದರ್‌ಬೋರ್ಡ್‌ನಲ್ಲೇ ಇದ್ದ ಗ್ರಾಫಿಕ್ಸ್, ಇರುವ ಸ್ವಲ್ಪ ರ‍್ಯಾಮ್‌ನಲ್ಲೇ ಪಾಲು ತೆಗೆದುಕೊಂಡು ಕೆಲಸ ಮಾಡುತ್ತಿತ್ತು.

ಮೊದಲು ನಿಮಗೆ ಯಾವ ಆಟ ಬೇಕು ಅಂತ ತೀರ್ಮಾನಿಸಿ. ರೋಡ್ ರ‍್ಯಾಶ್, 1997ರ ಏಜ್ ಆಫ್ ಎಂಪೈರ್ಸ್, ಇಂಥವಕ್ಕೆ ಕಾರ್ಡೇ ಬೇಡ, ಸುಮ್ನೆ ದುಡ್ಡು ದಂಡ. 1998ರ ಹಾಫ್-ಲೈಫ್, 2003ರಲ್ಲಿ ಪಿಸಿಗೆ ಬಂದ ವೈಸ್ ಸಿಟಿ, ಇಂಥ 3ಡಿ ಆಟಗಳಿಗೆ ಕಾರ್ಡ್ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ವೈಸ್ ಸಿಟಿ ಕೇಳುವುದೇ ಕನಿಷ್ಠ 32 ಎಂಬಿ ಮೆಮೊರಿಯ ಕಾರ್ಡ್.

ಈಗ ಪ್ಲಗ್ ಕಿತ್ತು ಕ್ಯಾಬಿನೆಟ್ ಬಿಚ್ಚಿ. ಮದರ್‌ಬೋರ್ಡ್‌ನಲ್ಲಿ ಕಾರ್ಡ್ ಚುಚ್ಚುವ ಬಿಳಿ ಸ್ಲಾಟುಗಳಿಗೆ ಪಿಸಿಐ ಅಂತ ಹೆಸರು. ಅವುಗಳ ಪಕ್ಕದಲ್ಲಿ, ಹಿಂದಿನ ಅಂಚಿನಿಂದ ಸ್ವಲ್ಪ ಒಳಕ್ಕೆ ಸರಿದು ಒಂದೇ ಒಂದು ಸ್ಲಾಟ್, ಸಾಮಾನ್ಯವಾಗಿ ಕಂದು ಬಣ್ಣದ್ದು, ಇದ್ದರೆ ಅದು ಎಜಿಪಿ, ಗ್ರಾಫಿಕ್ಸ್ ಕಾರ್ಡಿಗೆಂದೇ ಇರುವ ಸ್ಲಾಟ್. 2004ರ ನಂತರದ ಬೋರ್ಡ್ ಆದರೆ ಎಜಿಪಿಯ ಬದಲು ಅದರ ನಂತರ ಬಂದ ಪಿಸಿಐ ಎಕ್ಸ್‌ಪ್ರೆಸ್ ಇರಬಹುದು. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ಬೋರ್ಡಿನ ಭಾಗಗಳನ್ನು ಜೋಡಿಸುವ ಮುಖ್ಯ ಚಿಪ್‌ಗಳಿಗೆ ಚಿಪ್‌ಸೆಟ್ ಅನ್ನುತ್ತಾರೆ. ಇಂಟೆಲ್ 810 ಚಿಪ್‌ಸೆಟ್‌ನ ಬೋರ್ಡ್‌ಗಳಿಗೆ ಎಜಿಪಿ ಸ್ಲಾಟೇ ಇಲ್ಲ, ಅಲ್ಲಿ ಪಿಸಿಐ ಕಾರ್ಡೇ ಗತಿ.

ಎಜಿಪಿಯಲ್ಲಿ ವೋಲ್ಟೇಜ್ ಕಡೆಗೂ ಗಮನ ಇರಲಿ. ತೀರಾ ಹಳೆಯ ಕಾರ್ಡ್‌ಗಳು 3.3 ವೋಲ್ಟ್‌ನವು, ಇಂಟೆಲ್ 845 ಚಿಪ್‌ಸೆಟ್‌ನ ಬೋರ್ಡ್ ತಡೆಯುವುದು 1.5 ವೋಲ್ಟ್ ಮಾತ್ರ. ಕಾರ್ಡಿನ ಚಿನ್ನದ ಬಣ್ಣದ ಅಂಚಿನಲ್ಲಿ ಕಚ್ಚು ಎಲ್ಲಿದೆ ನೋಡಿ. ಕಾರ್ಡಿಗೆ ಸ್ಕ್ರೂ ಹಾಕುವ ತಗಡಿನ ಪಟ್ಟಿಗೆ ಹತ್ತಿರದ ಕಚ್ಚು ಒಂದೇ ಇದ್ದರೆ ಅದು 3.3 ವೋಲ್ಟ್, ಅಂಥದ್ದು ಬೇಡ. ಕೂರದಿದ್ದರೆ ಯಾವ ಕಾರಣಕ್ಕೂ ಒತ್ತಿ ತುರುಕಬೇಡಿ, ಬೋರ್ಡೇ ಸುಟ್ಟುಹೋಗಬಹುದು.

ಬಿಚ್ಚಿದ್ದೀರಲ್ವಾ, ಪ್ರೊಸೆಸರ್ ಸುತ್ತ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರ್‌ಗಳ ತಲೆಯನ್ನೂ ನೋಡಿಬಿಡಿ. ಉಬ್ಬಿದ್ದರೆ ಅಥವಾ ಕಂದು ಬಣ್ಣದ್ದೇನಾದರೂ ಸೋರಿದ್ದರೆ ಕಾರ್ಡಿನ ಮಾತು ಆಮೇಲೆ, ಮೊದಲು ರಿಪೇರಿಯವರಿಗೆ ಕೊಟ್ಟು ಅವನ್ನು ಬದಲಾಯಿಸಿಕೊಳ್ಳಿ. ಕಂಪ್ಯೂಟರಿನ ತಾರೀಖು ಪದೇ ಪದೇ ತಪ್ಪುತ್ತಿದ್ದರೆ ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ಹೊಸದು ಹಾಕಿ.

ಯಾವ ಕಾರ್ಡ್? ನನ್ನ ಆಯ್ಕೆ ಎನ್‌ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5200, 2003ರದ್ದು. ಎಷ್ಟೋ ಮಾಡೆಲ್‌ಗಳಲ್ಲಿ ಫ್ಯಾನೇ ಇಲ್ಲ, ಕಂಪ್ಯೂಟರಿಗೆ ಕರೆಂಟ್ ಕೊಡುವ ಹಳೇ ಎಸ್‌ಎಂಪಿಎಸ್‌ಗೆ ಜಾಸ್ತಿ ಹೊರೆಯೂ ಇಲ್ಲ, ವಿಂಡೋಸ್ 98ಕ್ಕೂ ಎಕ್ಸ್‌ಪಿಗೂ ಡ್ರೈವರ್ ಇದೆ. ಜಿಫೋರ್ಸ್4 ಎಂಎಕ್ಸ್ 440 ಕೂಡ ಸಿಗುತ್ತದೆ, ಆದರೆ ಹೆಸರಿನಲ್ಲಿರುವ 4 ನೋಡಿ ಮೋಸ ಹೋಗಬೇಡಿ. ಅದರಲ್ಲಿ ಬಣ್ಣ, ನೆರಳು ಬೆಳಕು ಲೆಕ್ಕ ಹಾಕುವ ಪಿಕ್ಸೆಲ್ ಶೇಡರ್ ಇಲ್ಲ, ಹಾಗಾಗಿ ಅದನ್ನು ಕೇಳುವ ಆಟಗಳು ಶುರುವೇ ಆಗುವುದಿಲ್ಲ. 5200ರಲ್ಲೂ ಒಂದು ತೊಡಕಿದೆ, ನಾನು ಬಿದ್ದದ್ದು ಅಲ್ಲೇ. ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಒಂದು ಅಂಗಡಿಯಲ್ಲಿ "128 ಎಂಬಿ" ಅಂದಿದ್ದನ್ನಷ್ಟೇ ಕೇಳಿಸಿಕೊಂಡು ತಂದೆ. ಅದು 64-ಬಿಟ್ ಕಾರ್ಡ್ ಆಗಿತ್ತು, ಅಂದರೆ ಮೆಮೊರಿಗೆ ಹೋಗುವ ದಾರಿ 128-ಬಿಟ್ ಕಾರ್ಡಿನ ಅರ್ಧದಷ್ಟೇ ಅಗಲ. ಮೆಮೊರಿ ಎಷ್ಟಿದ್ದರೇನು, ದಾರಿ ಅರ್ಧ ಅಗಲದ್ದಾದರೆ ಡೇಟಾ ಓಡಾಡುವುದೂ ಅರ್ಧ ವೇಗದಲ್ಲೇ. ಕಾರ್ಡಿನ ಎರಡೂ ಕಡೆಯ ಮೆಮೊರಿ ಚಿಪ್ ಎಣಿಸಿ: ಸಾಮಾನ್ಯವಾಗಿ ನಾಲ್ಕಿದ್ದರೆ 64-ಬಿಟ್, ಎಂಟಿದ್ದರೆ 128-ಬಿಟ್. ಎಂಟಿರುವುದನ್ನೇ ಕೇಳಿ ತನ್ನಿ. ಆನ್ ಮಾಡಿ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಕೂರಿಸುವುದು ಹತ್ತು ನಿಮಿಷದ ಕೆಲಸ. ಹಳೇ ಡಿಸ್‌ಪ್ಲೇ ಡ್ರೈವರನ್ನು ಮುಂಚೆಯೇ ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಪ್ಲಗ್ ಕಿತ್ತಿಡಿ. ಕ್ಯಾಬಿನೆಟ್ಟಿನ ಬರೀ ತಗಡನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯುತ್ತದೆ. ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಪುಡಿ ಒರೆಸಿ, ಅಂಚು ಹಿಡಿದು ನೇರವಾಗಿ ಒತ್ತಿ, ಸ್ಕ್ರೂ ಬಿಗಿ ಮಾಡಿ. ಮಾನಿಟರ್ ಕೇಬಲನ್ನು ಬೋರ್ಡಿನಿಂದ ತೆಗೆದು ಹೊಸ ಕಾರ್ಡಿಗೆ ಹಾಕಬೇಕು. ಇದನ್ನು ಮರೆತು ಕಾರ್ಡೇ ಸತ್ತಿದೆ ಅಂದುಕೊಳ್ಳುವವರು ಬಹಳ ಜನ.

ಆನ್ ಮಾಡಿದಾಗ ಡಿಸ್‌ಪ್ಲೇ ಬರದೆ ಒಂದು ಉದ್ದ, ಎರಡು ಗಿಡ್ಡ ಬೀಪ್ ಕೇಳಿದರೆ, ಕಂಪ್ಯೂಟರನ್ನು ಶುರು ಮಾಡುವ ಬಯಾಸ್ ಪ್ರೋಗ್ರಾಂ ಅವಾರ್ಡ್ ಕಂಪನಿಯದ್ದಾಗಿದ್ದಲ್ಲಿ, ಗ್ರಾಫಿಕ್ಸ್ ಸಿಗುತ್ತಿಲ್ಲ ಅಂತ ಅರ್ಥ. ಕಾರ್ಡ್ ತೆಗೆದು ಮತ್ತೆ ಕೂರಿಸಿ. ಬೀಪ್ ಇಲ್ಲದೆ ಪರದೆ ಕಪ್ಪಗಿದ್ದರೆ ಕೇಬಲ್ ಮತ್ತೆ ಬೋರ್ಡಿಗೆ ಚುಚ್ಚಿ, ಬಯಾಸ್‌ನಲ್ಲಿ ಮೊದಲ ಡಿಸ್‌ಪ್ಲೇ ಅನ್ನು ಎಜಿಪಿಗೆ ಬದಲಿಸಿ.

ಡ್ರೈವರ್‌ಗಳನ್ನು ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು ತನ್ನಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿದೆ, ಅದನ್ನು ಇಂಟರ್‌ನೆಟ್‌ಗೆ ಹಚ್ಚಲೇಬೇಡಿ. ವಿಂಡೋಸ್ 98 ತಾನಾಗಿ ಪೆನ್‌ಡ್ರೈವ್ ಗುರುತಿಸುವುದಿಲ್ಲ, ಸಿಡಿ ಬರೆದುಕೊಳ್ಳಿ. ಮೊದಲು ಚಿಪ್‌ಸೆಟ್ ಡ್ರೈವರ್, ಆಮೇಲೆ ಆಟಗಳಿಗೆ ಬೇಕಾದ ಡೈರೆಕ್ಟ್‌ಎಕ್ಸ್ 9, ಕೊನೆಗೆ ಕಾರ್ಡಿನದು. ಆಟವನ್ನು 640 ಬೈ 480 ರೆಸಲ್ಯೂಷನ್‌ನಲ್ಲಿ ಶುರು ಮಾಡಿ, ನಯವಾಗಿ ಓಡಿದರೆ 800 ಬೈ 600ಕ್ಕೆ ಏರಿಸಿ. ನಮ್ಮ ಪೆಂಟಿಯಂನಲ್ಲಿ ವೈಸ್ ಸಿಟಿ ಈಗ 800 ಬೈ 600ರಲ್ಲಿ ಓಡುತ್ತಿದೆ, ಚಿಕ್ಕಪ್ಪ ಬಂದಾಗಲೆಲ್ಲ ಕೀಬೋರ್ಡ್ ಅವರ ಕೈಯಲ್ಲೇ.